ಒಳ್ಳೆಯವರೇ ಜಾರುವ ಜಾಗ: ನಿಮ್ಮ ಸಂಸ್ಥೆಯಲ್ಲಿ ಅದನ್ನು ಹುಡುಕುವುದು ಹೇಗೆ?

ಸಂಘದಲ್ಲೋ ಕಂಪನಿಯಲ್ಲೋ ದುಡ್ಡು ಹೋಗಿದೆ ಅಂತ ಗೊತ್ತಾದಾಗ ಮೊದಲು ಕೇಳಿಬರುವ ಮಾತು ಒಂದೇ. 'ಅವರಾ? ಛೇ, ಅವರು ಅಂಥವರಲ್ಲ ಬಿಡಿ.' ಬಹಳ ಸಲ ಆ ಮಾತು ನಿಜವೇ ಆಗಿರುತ್ತದೆ. ಕದಿಯಬೇಕು ಅಂತಲೇ ಕೆಲಸಕ್ಕೆ ಸೇರುವವರು ಕಡಿಮೆ. ವರ್ಷಗಟ್ಟಲೆ ನಿಯತ್ತಾಗಿ ದುಡಿದವರು, ಎಲ್ಲರಿಗೂ ಬೇಕಾದವರು, ಒಂದು ದಿನ ಚೂರು ದಾರಿ ತಪ್ಪುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಲಿಲ್ಲ ಅನ್ನುವುದೇ ಎರಡನೇ ಸಲಕ್ಕೆ ಧೈರ್ಯ ಕೊಡುತ್ತದೆ.

ಹಾಗಾಗಿ 'ನಮ್ಮಲ್ಲಿ ಕೆಟ್ಟವರು ಯಾರು' ಅಂತ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಮನಸ್ಸುಗಳು ಹಾಳಾಗುತ್ತವೆ ಅಷ್ಟೇ. ಒಳ್ಳೆಯವರೊಬ್ಬರು ಜಾರಿದರೂ ಗೊತ್ತಾಗದಂಥ ಜಾಗ ನಮ್ಮಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಪತ್ತಿನ ಸಹಕಾರ ಸಂಘದ ನಿರ್ದೇಶಕರು, ಶಾಲೆಯ ಆಡಳಿತ ಮಂಡಳಿಯವರು, ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ, ಸಣ್ಣ ಕಂಪನಿಯ ಮಾಲೀಕರು, ಯಾರು ಬೇಕಾದರೂ ಇದನ್ನು ಮಾಡಬಹುದು. ಒಂದು ನೋಟ್‌ಬುಕ್ ಬೇಕು. ಜೊತೆಗೆ ಸ್ವಲ್ಪ ಮುಖದಾಕ್ಷಿಣ್ಯ ಬಿಡಬೇಕು. ಎರಡನೆಯದೇ ಕಷ್ಟ.

ಮೊದಲ ಹೆಜ್ಜೆ: ಒಂದು ರೂಪಾಯಿಯ ಬೆನ್ನು ಹತ್ತಿ

ನಿಮ್ಮ ಸಂಸ್ಥೆಗೆ ಬರುವ ಒಂದು ರೂಪಾಯಿಯನ್ನು ಹಿಡಿದುಕೊಳ್ಳಿ. ಅದು ಯಾರ ಕೈಯಿಂದ ಬಂತು, ರಶೀದಿ ಯಾರು ಬರೆದರು, ಲೆಕ್ಕಕ್ಕೆ ಯಾರು ಏರಿಸಿದರು, ಬ್ಯಾಂಕಿಗೆ ಯಾರು ಕಟ್ಟಿದರು, ಕೊನೆಗೆ ತಾಳೆ ನೋಡಿದವರು ಯಾರು? ಪ್ರತಿ ಮೇಜಿಗೂ ಒಂದು ಸಾಲು ಬರೆಯಿರಿ. ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ. ಹೆಸರು ಬಂದ ಕೂಡಲೇ ನಮ್ಮ ಮನಸ್ಸು 'ಪಾಪ, ಅವರು' ಅನ್ನಲು ಶುರು ಮಾಡುತ್ತದೆ.

ಈಗ ಒಂದೇ ಹುದ್ದೆ ಎರಡು ಮೂರು ಸಾಲಿನಲ್ಲಿ ಬಂದಿದೆಯಾ ನೋಡಿ. ಹಣ ತೆಗೆದುಕೊಳ್ಳುವವರೇ ಲೆಕ್ಕ ಬರೆದು, ಅವರೇ ತಾಳೆಯನ್ನೂ ನೋಡುತ್ತಿದ್ದರೆ ಅಲ್ಲಿ ಕೆಂಪು ಗೆರೆ ಎಳೆಯಿರಿ.

1995ರಲ್ಲಿ ಬೇರಿಂಗ್ಸ್ ಬ್ಯಾಂಕ್ ಮುಳುಗಿದ್ದು ಇಂಥದ್ದೇ ಜಾಗದಲ್ಲಿ. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕು ಅದು. ಸಿಂಗಪುರದ ಕಚೇರಿಯಲ್ಲಿ ನಿಕ್ ಲೀಸನ್ ಅನ್ನುವ ಯುವಕ ವ್ಯಾಪಾರವನ್ನೂ ಮಾಡುತ್ತಿದ್ದ, ಆ ವ್ಯಾಪಾರದ ಲೆಕ್ಕ ಚುಕ್ತಾ ಮಾಡುವ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ. ನಷ್ಟವನ್ನೆಲ್ಲ 88888 ಅನ್ನುವ ಖಾತೆಯಲ್ಲಿ ಬಚ್ಚಿಟ್ಟ. ಎರಡೂ ಕೆಲಸ ಒಬ್ಬರ ಕೈಯಲ್ಲಿರುವುದು ಸರಿಯಲ್ಲ ಅಂತ ಬ್ಯಾಂಕಿನ ಒಳ ಆಡಿಟ್ ವರದಿ 1994ರಲ್ಲೇ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾಭ ತರುವ ಹುಡುಗನಲ್ವಾ! 82.7 ಕೋಟಿ ಪೌಂಡ್ ನಷ್ಟವಾದ ಮೇಲೆ ಆ ಬ್ಯಾಂಕನ್ನು ಡಚ್ ಕಂಪನಿ ಐಎನ್‌ಜಿ ಒಂದು ಪೌಂಡ್ ಕೊಟ್ಟು ಕೊಂಡಿತು.

'ನಮ್ಮಲ್ಲಿ ಇರೋದೇ ಮೂರು ಜನ, ಬೇರೆ ಬೇರೆ ಮಾಡೋದು ಹೇಗೆ ಸಾರ್?' ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೂರು ಜನ ಇದ್ದರೂ ಒಂದು ಕೆಲಸ ಮಾತ್ರ ಹೊರಗಿನವರಿಗೆ ಕೊಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ಅಧ್ಯಕ್ಷರ ಅಥವಾ ಒಬ್ಬ ನಿರ್ದೇಶಕರ ಇಮೇಲ್‌ಗೆ ಬರುವ ಹಾಗೆ ಮಾಡಿಸಿ. ಕಾರ್ಯದರ್ಶಿ ಪ್ರಿಂಟ್ ತೆಗೆದುಕೊಟ್ಟ ಸ್ಟೇಟ್‌ಮೆಂಟ್ ಬೇಡ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹಣ ಇದೆ ಅಂತ ತೋರಿಸಲು ನೆರವಾಗಿದ್ದು ಬ್ಯಾಂಕಿನ ಹೆಸರಿನ ನಕಲಿ ಕಾಗದಗಳೇ.

ಹಾಗೆಯೇ ಎರಡು ಅಭ್ಯಾಸ ಇವತ್ತೇ ನಿಲ್ಲಿಸಿ. ಊರಿಗೆ ಹೋಗುವ ಮುಂಚೆ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋಗುವುದು ಒಂದು. ಮ್ಯಾನೇಜರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡ್ ಕೆಳಗೆ ಇಡುವುದು ಇನ್ನೊಂದು. ಇಬ್ಬರು ಒಪ್ಪಬೇಕಾದ ಕೆಲಸವನ್ನು ಒಬ್ಬರೇ ಎರಡು ಪಾಸ್‌ವರ್ಡ್ ಹಾಕಿ ಮುಗಿಸುವ ಕಚೇರಿಗಳು ಎಷ್ಟಿವೆ ಅಂತ ಆಡಿಟ್ ಮಾಡುವ ಯಾರನ್ನಾದರೂ ಕೇಳಿ, ನಗುತ್ತಾರೆ.

ಎರಡನೇ ಹೆಜ್ಜೆ: ಜಾರುವುದು ಹೇಗೆ ಅಂತ ಹತ್ತಿರದಿಂದ ನೋಡಿ

ಪಿಗ್ಮಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. 1928ರಲ್ಲಿ ಉಡುಪಿಯಲ್ಲಿ ಶುರುವಾಯಿತು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆಯಿಂದ. ದಿನಕ್ಕೆ ಎರಡಾಣೆ ಕೂಡಿಟ್ಟರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಸಣ್ಣ ಅಂಗಡಿಯವರಿಗೆ, ಹೂವು ಮಾರುವವರಿಗೆ ಅದು ದೊಡ್ಡ ಆಸರೆ. ಇವತ್ತಿಗೂ ನೂರಾರು ಸಂಘಗಳು ಇದರ ಮೇಲೆ ನಿಂತಿವೆ.

ಈಗ ಒಬ್ಬ ಏಜೆಂಟ್ ಇದ್ದಾರೆ ಅಂದುಕೊಳ್ಳಿ. ದಿನಕ್ಕೆ 18,000 ರೂಪಾಯಿ ಸಂಗ್ರಹ. ಒಂದು ಮಂಗಳವಾರ ಮಗಳ ಕಾಲೇಜು ಫೀಸಿಗೆ 6,000 ಕಡಿಮೆ ಬಿತ್ತು. ಬ್ಯಾಗಿನಲ್ಲಿ ದುಡ್ಡಿದೆ. ಶನಿವಾರ ಕಮಿಷನ್ ಬರುತ್ತದೆ. 'ನಾಲ್ಕು ದಿನ ತಾನೇ' ಅಂದುಕೊಂಡು 12,000 ಮಾತ್ರ ಕಟ್ಟುತ್ತಾರೆ. ಅಂಗಡಿಯವರ ಪಾಸ್‌ಬುಕ್‌ನಲ್ಲಿ ಮಂಗಳವಾರ ಅಂತಲೇ ಇದೆ. ಸಂಘದ ಲೆಡ್ಜರ್‌ನಲ್ಲಿ ಮೂವತ್ತು ಹೆಸರು ಬುಧವಾರಕ್ಕೆ ಹೋದವು, ಅವರ ಹಣವನ್ನು ಬುಧವಾರದ ಸಂಗ್ರಹದಿಂದ ತುಂಬಿದರು. ಬುಧವಾರದ ಮೂವತ್ತು ಗುರುವಾರಕ್ಕೆ. ಶನಿವಾರ ನಿಜವಾಗಿಯೂ ತುಂಬಿದರು. ಲೆಕ್ಕ ಸರಿಹೋಯಿತು. ಯಾರಿಗೂ ನಷ್ಟವಿಲ್ಲ.

ಎರಡು ತಿಂಗಳ ಮೇಲೆ ಅಮ್ಮನ ಆಸ್ಪತ್ರೆ ಖರ್ಚು. ಈ ಸಲ 15,000. ಶನಿವಾರ ಅರ್ಧ ಮಾತ್ರ ತುಂಬಲು ಆಯಿತು. ಉಳಿದರ್ಧ ಮುಂದಿನ ವಾರಕ್ಕೆ ಹೋಯಿತು. ವರ್ಷದ ಕೊನೆಗೆ ಅಂತರ 2 ಲಕ್ಷ ಆಗಿರುತ್ತದೆ. ಆಗ ಅವರು ಒಂದು ದಿನವೂ ರಜೆ ಹಾಕುವಂತಿಲ್ಲ. ಬೇರೆಯವರು ರೌಂಡಿಗೆ ಹೋದರೆ ಪಾಸ್‌ಬುಕ್ಕಿಗೂ ಲೆಡ್ಜರ್‌ಗೂ ತಾಳೆ ಇಲ್ಲದ್ದು ಒಂದೇ ಬೆಳಗ್ಗೆ ಬಯಲಾಗುತ್ತದೆ. ಜ್ವರ ಬಂದರೂ ಕೆಲಸಕ್ಕೆ ಬರುತ್ತಾರೆ. ನಾವು ವಾರ್ಷಿಕ ಮಹಾಸಭೆಯಲ್ಲಿ ಅವರಿಗೆ ಶಾಲು ಹೊದಿಸುತ್ತೇವೆ.

ಇದೇ ಆಟ ದೊಡ್ಡದಾದರೆ ಸತ್ಯಂ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಬರೆದ ಪತ್ರದಲ್ಲಿ ಇದ್ದದ್ದೂ ಇದೇ ಕತೆ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಸಣ್ಣ ಅಂತರ ಇತ್ತು, ವರ್ಷ ಕಳೆದಂತೆ ಕೈಮೀರಿತು ಅಂತ. ಹುಲಿಯ ಮೇಲೆ ಕೂತಿದ್ದೆ, ಅದಕ್ಕೆ ಆಹಾರವಾಗದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಅಂತಲೂ ಬರೆದಿದ್ದರು. ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ ಹಣ 5,040 ಕೋಟಿ ರೂಪಾಯಿ.

ನಂಬಿಕೆಯ ಹುದ್ದೆಯಲ್ಲಿದ್ದು ಹಣ ತಿಂದು ಜೈಲಿಗೆ ಹೋದವರನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ ಮಾತಾಡಿಸಿ 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಿಗೆ ಕಂಡದ್ದು ಮೂರು ಸಂಗತಿ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ತಾಪತ್ರಯ, ಕೈಗೆಟಕುವ ಅವಕಾಶ, ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ. ನಾವೆಲ್ಲ ಎರಡನೆಯದರ ಮೇಲೆ ಬೀಗ ಹಾಕುತ್ತಾ ಕೂರುತ್ತೇವೆ. ನನಗೆ ಮೊದಲನೆಯದೇ ಮುಖ್ಯ ಅನಿಸುತ್ತದೆ. ಆ ಏಜೆಂಟ್ ಮಂಗಳವಾರ ಬೆಳಗ್ಗೆ ಮ್ಯಾನೇಜರ್ ಮುಂದೆ ನಿಂತು 'ಸಾರ್, 6,000 ಅಡ್ವಾನ್ಸ್ ಬೇಕಿತ್ತು' ಅಂತ ಕೇಳಬಹುದಾಗಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು.

ಹಾಗಾಗಿ ಮೂರು ಕೆಲಸ ಮಾಡಿ:

• ಸಿಬ್ಬಂದಿಗೆ, ಏಜೆಂಟರಿಗೂ ಸೇರಿಸಿ, ತುರ್ತು ಸಾಲದ ಒಂದು ಸಣ್ಣ ನಿಧಿ ಇಡಿ. ಅರ್ಜಿ ಕೊಟ್ಟ ಮರುದಿನವೇ ಹಣ ಸಿಗಬೇಕು. ಕಮಿಟಿ ಮುಂದೆ ನಿಲ್ಲಿಸಿ ಮನೆ ಕತೆಯೆಲ್ಲ ಹೇಳಿಸಬೇಡಿ.
• ಗ್ರಾಹಕರಿಗೆ ಎಸ್‌ಎಂಎಸ್ ಏಜೆಂಟರ ಫೋನಿನಿಂದ ಹೋಗಬಾರದು, ಸಂಘದ ಸಾಫ್ಟ್‌ವೇರಿನಿಂದ ಹೋಗಬೇಕು. ಗ್ರಾಹಕರ ಮೊಬೈಲ್ ನಂಬರ್ ಜಾಗದಲ್ಲಿ ಏಜೆಂಟರ ನಂಬರ್ ಇದೆಯಾ ಅಂತ ಒಮ್ಮೆ ತಡಕಿ ನೋಡಿ.
• ತಿಂಗಳಿಗೊಮ್ಮೆ ಒಬ್ಬ ನಿರ್ದೇಶಕರು ಲೆಡ್ಜರ್ ಪ್ರಿಂಟ್ ಹಿಡಿದು ಯಾವುದಾದರೂ ಹತ್ತು ಅಂಗಡಿಗೆ ಹೋಗಿ ಬರಲಿ. ಯಾವ ಹತ್ತು ಅಂತ ಅವತ್ತು ಬೆಳಗ್ಗೆ ನಿರ್ಧಾರವಾಗಲಿ. ಒಂದು ಟೀ ಕುಡಿದು, ಪಾಸ್‌ಬುಕ್ ನೋಡಿ ಬರುವುದಷ್ಟೇ.

ಮೂರನೇ ಹೆಜ್ಜೆ: ರಜೆ ಕಡ್ಡಾಯ ಮಾಡಿ

ಇಷ್ಟು ಸುಲಭದ, ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಆದರೂ ಯಾರೂ ಮಾಡುವುದಿಲ್ಲ.

ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಯನ್ನು ನೆನಪಿಸಿಕೊಳ್ಳಿ. ವಜ್ರದ ಕಂಪನಿಗಳಿಗೆ ವಿದೇಶದಲ್ಲಿ ಸಾಲ ಸಿಗಲು ಬ್ಯಾಂಕಿನ ಖಾತರಿ ಪತ್ರಗಳು ಸ್ವಿಫ್ಟ್ ಅನ್ನುವ, ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲದ ಮೂಲಕ ಹೋಗುತ್ತಿದ್ದವು. ಬ್ಯಾಂಕಿನ ಮುಖ್ಯ ಲೆಕ್ಕದ ಸಾಫ್ಟ್‌ವೇರಿಗೂ ಸ್ವಿಫ್ಟ್‌ಗೂ ಕೊಂಡಿ ಇರಲಿಲ್ಲ. ಆ ಸಾಫ್ಟ್‌ವೇರ್ ನಮ್ಮ ಬೆಂಗಳೂರಿನ ಇನ್ಫೋಸಿಸ್ ಮಾಡಿದ ಫಿನಾಕಲ್. ಅದರಲ್ಲಿ ನಮೂದಾಗದ್ದು ಬ್ಯಾಂಕಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಆರೋಪ ಹೊತ್ತ ಡೆಪ್ಯುಟಿ ಮ್ಯಾನೇಜರ್ 2010ರಿಂದ 2017ರವರೆಗೆ ಅದೇ ಶಾಖೆಯಲ್ಲಿದ್ದರು. ಅವರು ನಿವೃತ್ತರಾದರು. 2018ರ ಜನವರಿಯಲ್ಲಿ ಆ ಕಂಪನಿಗಳು ಮತ್ತೆ ಖಾತರಿ ಪತ್ರ ಕೇಳಿದಾಗ, ಕುರ್ಚಿಯಲ್ಲಿದ್ದ ಅಧಿಕಾರಿ ಪೂರ್ತಿ ಮೊತ್ತದ ಠೇವಣಿ ಇಡಿ ಅಂದರು. 'ಹಿಂದೆಲ್ಲ ಇಲ್ಲದೇ ಕೊಟ್ಟಿದ್ದೀರಲ್ಲ' ಅಂತ ಉತ್ತರ ಬಂತು. ಪುಸ್ತಕ ತೆಗೆದು ನೋಡಿದರೆ ಹಿಂದಿನದು ಯಾವುದೂ ಇಲ್ಲ! ಫೆಬ್ರವರಿ 14ಕ್ಕೆ ಬ್ಯಾಂಕ್ ಷೇರುಪೇಟೆಗೆ ಹೇಳಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಆಮೇಲೆ ಅದು 13,000 ಕೋಟಿ ದಾಟಿತು.

ಅದನ್ನು ಹೊರಗೆ ತಂದದ್ದು ದೊಡ್ಡ ತನಿಖೆ ಏನಲ್ಲ. ಕುರ್ಚಿಯಲ್ಲಿ ಬೇರೆಯವರು ಕೂತು, ನಿಯಮದಲ್ಲಿದ್ದ ಒಂದು ಮಾಮೂಲಿ ಪ್ರಶ್ನೆ ಕೇಳಿದರು, ಅಷ್ಟೇ.

ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿದೆ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆ ಮೇಲೆ ಕಳಿಸಬೇಕು. ಆ ದಿನಗಳಲ್ಲಿ ಅವರಿಗೆ ಕೆಲಸದ ಸಿಸ್ಟಮ್ ಸಿಗಬಾರದು. ನಿಮ್ಮ ಸಂಘ ಸಣ್ಣದಿರಬಹುದು. ಐದು ದಿನವಾದರೂ ಕಳಿಸಿ. ಕ್ಯಾಷಿಯರ್, ಕಾರ್ಯದರ್ಶಿ, ಸ್ಟೋರ್ ಕೀಪರ್, ಖರೀದಿ ನೋಡುವವರು. ಆ ಐದು ದಿನ ಅವರ ಮೇಜಿನಲ್ಲಿ ಇನ್ನೊಬ್ಬರು ಕೂರಬೇಕು, ಫೈಲು ಹಾಗೇ ಬಿದ್ದಿರಬಾರದು. 'ನಾನಿಲ್ಲದಿದ್ರೆ ಇಲ್ಲಿ ಏನೂ ನಡೆಯಲ್ಲ' ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ರಜೆಯ ಪಟ್ಟಿಯಲ್ಲಿ ಅವರ ಹೆಸರು ಮೊದಲು ಬರೆಯಿರಿ.

ಅನುಮಾನಕ್ಕೆ ಕಳಿಸುತ್ತಿದ್ದಾರೆ ಅಂತ ಬೇಜಾರಾಗುವುದು ಸಹಜ. ಅದಕ್ಕೆ ನಿಯಮ ಎಲ್ಲರಿಗೂ ಇರಲಿ. ಮ್ಯಾನೇಜರ್ ಮೊದಲು ಹೋಗಲಿ.

ನಾಲ್ಕನೇ ಹೆಜ್ಜೆ: ನೀವು ಹಾಕುವ ಒತ್ತಡವನ್ನೇ ತನಿಖೆ ಮಾಡಿ

ಇಲ್ಲಿಯವರೆಗೆ ಕೆಳಗಿನವರ ಮಾತಾಯಿತು. ಇದು ಮೇಲಿನವರದ್ದು.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ತನ್ನ ಪ್ರತಿ ಗ್ರಾಹಕರ ಹತ್ತಿರವೂ ಎಂಟು ಉತ್ಪನ್ನ ಇರಬೇಕು ಅಂತ ಗುರಿ ಇಟ್ಟಿತ್ತು. ಶಾಖೆಯ ಸಿಬ್ಬಂದಿಗೆ ದಿನದ ಟಾರ್ಗೆಟ್. ತಲುಪದಿದ್ದರೆ ಬೈಗುಳ, ಕೆಲಸದ ಭಯ. ಕೊನೆಗೆ ಅವರು ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ಖಾತೆ, ಕಾರ್ಡು ತೆರೆಯಲು ಶುರು ಮಾಡಿದರು. 2016ರ ಸೆಪ್ಟೆಂಬರ್‌ನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಬ್ಯಾಂಕ್ ಕೆಲಸದಿಂದ ತೆಗೆದವರ ಸಂಖ್ಯೆ ಸುಮಾರು 5,300. ಐದು ಸಾವಿರ ಜನ ಒಟ್ಟಿಗೆ ಕೆಟ್ಟವರಾಗಲು ಸಾಧ್ಯವಾ? ಆ ಟಾರ್ಗೆಟ್ ಕೊಟ್ಟವರು ಯಾರು ಅಂತ ಕೇಳುವುದು ಹೆಚ್ಚು ಉಪಯೋಗ.

ನಿಮ್ಮ ಟಾರ್ಗೆಟ್ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಪಕ್ಕ ಬರೆಯಿರಿ: 'ಇದನ್ನು ಕಷ್ಟಪಡದೆ, ಸುಳ್ಳಾಗಿ ತಲುಪುವುದು ಹೇಗೆ?' ಮಾರ್ಚ್ 31ರೊಳಗೆ ವಸೂಲಿ ಶೇಕಡ 95 ಆಗಬೇಕು ಅಂದಿರಿ. ಸುಲಭದ ದಾರಿ ಏನು? ಹಳೆ ಸಾಲ ಮುಚ್ಚಲು ಅದೇ ವ್ಯಕ್ತಿಗೆ ಹೊಸ ಸಾಲ ಕೊಡುವುದು. ಪುಸ್ತಕದಲ್ಲಿ ವಸೂಲಿ ಜೋರಾಗಿರುತ್ತದೆ, ಪೆಟ್ಟಿಗೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ಮಾರ್ಚ್ ಕೊನೆಯ ವಾರ ಮುಚ್ಚಿದ ಸಾಲಗಳನ್ನೂ ಏಪ್ರಿಲ್ ಮೊದಲ ವಾರ ಕೊಟ್ಟ ಸಾಲಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಹೆಸರುಗಳು ಕಂಡರೆ ಕಾರಣ ಕೇಳಿ.

ಚಿನ್ನದ ಸಾಲದಲ್ಲೂ ಇದೇ. ಒಡವೆ ಪರೀಕ್ಷಿಸುವ ಅಪ್ರೈಸರ್‌ಗೆ ಸಾಲದ ಮೊತ್ತದ ಮೇಲೆ ಕಮಿಷನ್ ಇದ್ದರೆ, ಜಾಸ್ತಿ ಬೆಲೆ ಕಟ್ಟಲು ನೀವೇ ದುಡ್ಡು ಕೊಟ್ಟ ಹಾಗಾಯಿತು. ಒಂದು ಒಡವೆ ನೋಡಿದ್ದಕ್ಕೆ ಇಷ್ಟು ಶುಲ್ಕ ಅಂತ ನಿಗದಿ ಮಾಡಿ. ಇನ್ನೊಂದು, ಆಡಿಟ್ ದಿನ ಪ್ಯಾಕೆಟ್ ಎಣಿಸಿ ಮುಗಿಸಬೇಡಿ. ಕೆಲವನ್ನಾದರೂ ಬಿಚ್ಚಿಸಿ, ಬೇರೆ ಊರಿನ ಅಪ್ರೈಸರ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ದಪ್ಪ ಚಿನ್ನದ ಲೇಪ ಇದ್ದರೆ ಒರೆಗಲ್ಲಿಗೂ ಮೋಸವಾಗುತ್ತದೆ.

ಐದನೇ ಹೆಜ್ಜೆ: 'ನಮ್ಮವರು' ಅನ್ನುವುದನ್ನು ಕಾಗದದ ಮೇಲೆ ತನ್ನಿ

ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿ ನೆಂಟರೇ. ನೆಂಟಸ್ತನ ತಪ್ಪಲ್ಲ. ಹೇಳದೇ ಇರುವುದು ತಪ್ಪು. ಒಂದು ರಿಜಿಸ್ಟರ್ ಇಡಿ. ನಿರ್ದೇಶಕರು ಮತ್ತು ಸಿಬ್ಬಂದಿ ವರ್ಷಕ್ಕೊಮ್ಮೆ ಬರೆಯಲಿ: ನನ್ನ ಸಂಬಂಧಿಕರ ವ್ಯಾಪಾರ ಯಾವುದು, ಸಂಘದಲ್ಲಿ ಅವರ ಸಾಲ ಎಷ್ಟು, ಸಂಸ್ಥೆಗೆ ಸಾಮಾನು ಪೂರೈಸುವವರಲ್ಲಿ ನಮ್ಮವರು ಯಾರು. ಆ ವಿಷಯ ಸಭೆಗೆ ಬಂದಾಗ ಅವರು ಎದ್ದು ಹೊರಗೆ ಹೋಗಲಿ. ಸುಮ್ನೆ ಕೂತಿರುವುದು ಸಾಲದು. ಭಾವಮೈದುನನ ಸಾಲದ ಅರ್ಜಿ ಓದುವಾಗ ಭಾವ ಎದುರಿಗೇ ಕೂತಿದ್ದರೆ ಬೇಡ ಅನ್ನುವವರು ಯಾರು? ಹೊರಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಲಿ.

ಆರನೇ ಹೆಜ್ಜೆ: ಸಭೆಯಲ್ಲಿ ಕಿರಿಯರು ಮೊದಲು ಮಾತಾಡಲಿ

1986ರ ಜನವರಿ 27ರ ರಾತ್ರಿ ಅಮೆರಿಕದಲ್ಲಿ ಒಂದು ಫೋನ್ ಸಭೆ ನಡೆಯಿತು. ಮರುದಿನ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ತುಂಬಾ ಚಳಿ ಇದೆ, ರಾಕೆಟ್‌ನ ರಬ್ಬರ್ ಉಂಗುರಗಳು ಸೆಡೆತು ಕೆಲಸ ಮಾಡದಿರಬಹುದು, ಬೇಡ ಅಂತ ಆ ರಾಕೆಟ್ ಮಾಡಿದ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ಹೇಳಿದರು. ನಾಸಾದವರಿಗೆ ಅದು ಇಷ್ಟವಾಗಲಿಲ್ಲ. ಕಂಪನಿಯವರು ಫೋನ್ ಬದಿಗಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಅವರ ಮೇಲಧಿಕಾರಿ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ನಾಲ್ಕು ಜನ ಮ್ಯಾನೇಜರುಗಳು 'ಸರಿ' ಅಂದರು. ಬೇಡ ಅಂದ ಎಂಜಿನಿಯರುಗಳನ್ನು ಮತ್ತೆ ಯಾರೂ ಕೇಳಲಿಲ್ಲ. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಏಳು ಜನ ಹೋದರು.

ನಮ್ಮ ಸಭೆಗಳಲ್ಲಿ ಟೋಪಿ ಇಲ್ಲ, ಆದರೆ 'ಅಧ್ಯಕ್ಷರು ಹೇಳಿದ ಮೇಲೆ ಇನ್ನೇನಿದೆ' ಇದೆ. ಪರಿಹಾರ ಸರಳ. ಅಧ್ಯಕ್ಷರು ಕೊನೆಗೆ ಮಾತಾಡಬೇಕು. ಅತಿ ಕಿರಿಯರಿಂದ ಶುರು ಮಾಡಿ. ದೊಡ್ಡ ನಿರ್ಧಾರ ಇದ್ದರೆ ಒಬ್ಬರಿಗೆ ಮುಂಚೆಯೇ ಹೇಳಿ, 'ಇದು ಯಾಕೆ ಬೇಡ ಅಂತ ಹೇಳುವ ಕೆಲಸ ಇವತ್ತು ನಿಮ್ಮದು.' ವಿರೋಧ ಮಾಡಿದವರ ಹೆಸರು, ಕಾರಣ ಎರಡೂ ನಡಾವಳಿಗೆ ಬರಲಿ. 'ಸರ್ವಾನುಮತದಿಂದ' ಅಂತ ಮುಂಚೆಯೇ ಟೈಪ್ ಮಾಡಿಟ್ಟ ನಡಾವಳಿ ಪುಸ್ತಕ ಇದ್ದರೆ ಇವತ್ತೇ ಬದಲಿಸಿ.

ಏಳನೇ ಹೆಜ್ಜೆ: ದೂರಿಗೆ ಎರಡು ಬಾಗಿಲು

ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವ ಕಂಪನಿಗಳಿಗೆ ದೂರು ಕೊಡುವ ವ್ಯವಸ್ಥೆ 2013ರ ಕಂಪನಿ ಕಾಯ್ದೆಯ ಪ್ರಕಾರ ಕಡ್ಡಾಯ. ಲೈಂಗಿಕ ಕಿರುಕುಳದ ವಿಷಯದಲ್ಲಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅದರ ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರು ಬೇಕು. ಇದನ್ನು ಗೋಡೆಯ ಮೇಲೆ ಹೆಸರು ಬರೆಯುವ ಕೆಲಸ ಮಾಡಿ ಮುಗಿಸಬೇಡಿ.

ನಿಮಗೆ ಕಾನೂನಿನ ಒತ್ತಾಯ ಇಲ್ಲದಿದ್ದರೂ ಎರಡು ಬಾಗಿಲು ಇಡಿ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಮ್ಯಾನೇಜರನ್ನು ದಾಟಿ. ಊರಾಚೆಯ ಒಬ್ಬ ನಿವೃತ್ತ ಶಿಕ್ಷಕರು, ವಕೀಲರು ಯಾರಾದರೂ ಆಗಬಹುದು. ದೂರಿನ ಪೆಟ್ಟಿಗೆಯನ್ನು ಸಿಸಿಟಿವಿ ಕ್ಯಾಮೆರಾ ಕೆಳಗೆ ಹಾಕಬೇಡಿ. ನಗಬೇಡಿ, ಹಾಗೆ ಹಾಕಿದ್ದನ್ನು ನಾನು ಕಂಡಿದ್ದೇನೆ.

ಏನಾದರೂ ಸಿಕ್ಕಿಬಿದ್ದರೆ

ಮೊದಲು ಕಾಗದ, ಕಂಪ್ಯೂಟರ್, ಸಿಸಿಟಿವಿ ದಾಖಲೆ ಭದ್ರ ಮಾಡಿ. ಸಂಬಂಧಪಟ್ಟವರ ಪಾಸ್‌ವರ್ಡ್ ಆ ದಿನವೇ ನಿಲ್ಲಿಸಿ. ಒಬ್ಬರೇ ಹೋಗಿ ಕೇಳಬೇಡಿ, ಇಬ್ಬರಿರಲಿ, ಬರೆದುಕೊಳ್ಳಿ. ವಾಟ್ಸಾಪ್ ಗುಂಪಿಗೆ ಒಂದು ಅಕ್ಷರವೂ ಹೋಗಬಾರದು. ಅನುಮಾನ ತಪ್ಪಾಗಿದ್ದರೆ ಹೋದ ಮಾನ ವಾಪಸ್ ತಂದುಕೊಡಲು ನಿಮ್ಮಿಂದ ಆಗುವುದಿಲ್ಲ.

ಕಷ್ಟದ ಪ್ರಶ್ನೆ ಆಮೇಲೆ ಬರುತ್ತದೆ. ಅವರು ಅಳುತ್ತಾರೆ, ಹಣ ಪೂರ್ತಿ ಕಟ್ಟುತ್ತೇನೆ ಅನ್ನುತ್ತಾರೆ. 'ಹೊರಗೆ ಗೊತ್ತಾದರೆ ಠೇವಣಿದಾರರು ಕ್ಯೂ ನಿಲ್ಲುತ್ತಾರೆ, ಒಳಗೇ ಮುಗಿಸೋಣ' ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಹಣ ಕಟ್ಟಿಸಿಕೊಳ್ಳಿ, ರಶೀದಿ ಕೊಡಿ. ಆದರೆ ವಿಷಯ ಆಡಳಿತ ಮಂಡಳಿಯ ನಡಾವಳಿಗೂ ಆಡಿಟರ್‌ಗೂ ಹೋಗಲೇಬೇಕು. ಮುಚ್ಚಿಟ್ಟ ದಿನದಿಂದ ಅದು ಅವರೊಬ್ಬರ ತಪ್ಪಾಗಿ ಉಳಿಯುವುದಿಲ್ಲ, ಮೇಜಿನ ಸುತ್ತ ಕೂತವರೆಲ್ಲರದ್ದೂ ಆಗುತ್ತದೆ. ಪೊಲೀಸ್ ದೂರು ಕೊಡಬೇಕಾ ಅನ್ನುವುದನ್ನು ವಕೀಲರನ್ನು ಕೇಳಿ ನಿರ್ಧರಿಸಿ. ದಯೆಯಿಂದಲೋ ಸಿಟ್ಟಿನಿಂದಲೋ ನಿರ್ಧರಿಸಬೇಡಿ.

ನೀವು ಕೆಳಗಿನ ಕುರ್ಚಿಯಲ್ಲಿದ್ದರೆ

ಮೇಲಿನ ಯಾವುದನ್ನೂ ಬದಲಿಸುವ ಅಧಿಕಾರ ನಿಮಗಿಲ್ಲ. ಆದರೆ 'ಹಿಂದಿನ ತಾರೀಕು ಹಾಕಿಬಿಡಿ', 'ಆಮೇಲೆ ಸರಿ ಮಾಡೋಣ', 'ಮೇಲಿನವರು ಹೇಳಿದ್ದಾರೆ' ಅನ್ನುವ ಫೋನು ನಿಮಗೇ ಬರುತ್ತದೆ. ಜಗಳ ಆಡಬೇಡಿ, ನೀತಿ ಬೋಧನೆಯೂ ಬೇಡ. ಹತ್ತು ನಿಮಿಷ ಬಿಟ್ಟು ಒಂದು ಮೇಲ್ ಕಳಿಸಿ:

'ಸರ್, ಇವತ್ತು ಮಧ್ಯಾಹ್ನ ಫೋನಿನಲ್ಲಿ ತಿಳಿಸಿದಂತೆ, ಜನರೇಟರ್ ರಿಪೇರಿ ವೋಚರ್‌ಗೆ ಮಾರ್ಚ್ 28ರ ತಾರೀಕು ಹಾಕಲು ಹೇಳಿದ್ದೀರಿ. ಬಿಲ್ ಮಾತ್ರ ಏಪ್ರಿಲ್ 4ರದ್ದು ಇದೆ. ಯಾವ ತಾರೀಕು ಹಾಕಲಿ ಎಂದು ದಯವಿಟ್ಟು ತಿಳಿಸಿ.'

ಇದಕ್ಕೆ ಬರವಣಿಗೆಯಲ್ಲಿ ಉತ್ತರ ಬರುವುದು ಅಪರೂಪ. ಸಾಮಾನ್ಯವಾಗಿ ಮತ್ತೆ ಫೋನೇ ಬರುತ್ತದೆ, ದನಿ ಸ್ವಲ್ಪ ಬಿಗಿಯಾಗಿ: 'ಇಷ್ಟಕ್ಕೆಲ್ಲಾ ಮೇಲ್ ಯಾಕ್ರೀ? ಬಿಡಿ, 4 ಅಂತಲೇ ಹಾಕಿ.' ಹಾಕಿ. ಮೇಲ್ ಡಿಲೀಟ್ ಮಾಡಬೇಡಿ.